ಏಳಿಸುವವರು

ಚರ್ಚಿನಲ್ಲಿ ಇಡೀ ಸಭೆ ಮೊಣಕಾಲೂರಿತ್ತು, ಏಳುವ ಸೂಚನೆಯೇ ಇರಲಿಲ್ಲ. ಮೌನಪ್ರಾರ್ಥನೆ ಶುರುವಾಗಿ ಆಗಲೇ ಬಹಳ ಹೊತ್ತಾಗಿತ್ತು. ಕೇಳಬೇಕಾದ್ದನ್ನೆಲ್ಲ ದೇವರ ಹತ್ತಿರ ಕೇಳಿ ಮುಗಿಸಿದ ಕೆಲವರು ಮತ್ತೆ ಮೊದಲಿನಿಂದ ಕೇಳತೊಡಗಿದ್ದರು. ಪ್ರಾರ್ಥನೆ ನಡೆಸುತ್ತಿದ್ದ ಟೈಲರಮ್ಮ ಎಲ್ಲರೂ ಏಳಲಿ ಎಂದು ಕಣ್ಣು ಮುಚ್ಚಿ ಕಾಯುತ್ತಿದ್ದರು. ಯಾರಾದರೂ ಏಳಿಸಲಿ ಎಂದು ಎಲ್ಲರೂ ಕಣ್ಣು ಮುಚ್ಚಿ ಕಾಯುತ್ತಿದ್ದರು.

ಕಣ್ಣು ಬಿಟ್ಟಿದ್ದವರು ಒಬ್ಬರೇ, ಕಡೇ ಬೆಂಚಿನಲ್ಲಿ ಹೆಂಡತಿಯ ಪಕ್ಕ ಮೊಣಕಾಲೂರಿದ್ದ ಸಭಾಪಾಲಕರು. ಸಭೆಗೆಲ್ಲ ಅವರು ಅಯ್ಯನವರು. ಇಷ್ಟು ವರ್ಷ ಈ ಚರ್ಚಿನ ಬಾಗಿಲು ತೆಗೆದವರೂ ಅವರೇ, ಗಂಟೆ ಬಾರಿಸಿದವರೂ ಅವರೇ, ಫ್ಯಾನಿನ ಸ್ವಿಚ್ಚು ಒತ್ತಿದವರೂ ಅವರೇ. ಯಾರಾದರೂ ಸಹಾಯಕ್ಕೆ ಬಂದರೆ "ಬಿಡಿ ಬಿಡಿ, ನಾನಿದ್ದೀನಲ್ಲ" ಎನ್ನುತ್ತಿದ್ದರು. ಸಭೆಯವರೂ ಒಳ್ಳೆಯವರು, ಬಿಟ್ಟೇ ಬಿಟ್ಟಿದ್ದರು. ಈಗ ಗಂಟಲು ಮುಷ್ಕರ ಹೂಡಿತ್ತು. ಅದರೊಳಗಿನ ಸಣ್ಣ ಗಡ್ಡೆ ತೆಗೆದ ಡಾಕ್ಟರು, ಒಂದು ತಿಂಗಳು ಪಿಸುಮಾತೂ ಕೂಡದು ಎಂದು ಬಾಯಿಗೆ ಬೀಗ ಹಾಕಿದ್ದರು.

ಬದಲಿ ಸಭಾಪಾಲಕರನ್ನು ಕಳಿಸುತ್ತೇವೆ ಎಂದು ಮೇಲಿನವರು ಹೇಳಿದಾಗ ಅಯ್ಯನವರು ಒಪ್ಪಿ ತಲೆಯಾಡಿಸಿದ್ದರು. ಒಪ್ಪದವರು ಸಭೆಯವರು. ಟೈಲರಮ್ಮ ನಾಲ್ಕು ಜನರನ್ನು ಕಟ್ಟಿಕೊಂಡು ಮನೆಗೇ ಬಂದಿದ್ದರು.

"ಬೇರೆಯವರು ಯಾಕೆ ಅಯ್ಯನವರೇ? ನಾವೇ ಹಂಚ್ಕೊಂಡು ಮಾಡ್ತೀವಿ. ನೀವು ಸುಮ್ನೆ ಬಂದು ಕೂತ್ಕೊಳ್ಳಿ."

ಅಯ್ಯನವರು ಹೆಂಡತಿಯತ್ತ ನೋಡಿ ಅಂಗೈ ತಿರುವಿದರು.

"ಎಡವಟ್ಟಾದ್ರೆ ಅಂತ ಕೇಳ್ತಿದ್ದಾರೆ," ಎಂದರು ಅಮ್ಮನವರು.

"ಆದ್ರೆ ಆಗ್ಲಿ. ಈ ಭಾನುವಾರ ಒಂದು ನೋಡಿ. ನಮ್ಮ ಕೈಲಾಗ್ಲಿಲ್ಲ ಅಂದ್ರೆ ಬರೋ ವಾರವೇ ಅವರನ್ನ ಕರೆಸ್ಕೊಳ್ಳಿ."

ಅದೇ ಭಾನುವಾರ ಇದು. ಬಸ್ ಕಂಡಕ್ಟರ್ ಬೈಬಲಿನ ವೇದಪಾಠ ಓದಿದ್ದರು. ಟಿಕೆಟ್ ಕೇಳುವ ದನಿಯೇ ಆದರೂ ಒಂದಕ್ಷರ ಬಿಡದೆ ಕಡೇ ಬೆಂಚಿನವರೆಗೂ ಕೇಳಿಸಿತ್ತು. ಅದನ್ನು ವಿವರಿಸುವ ಪ್ರಸಂಗ ಮಾಡಿದ್ದು ನರ್ಸ್ ಹುಡುಗಿ. ಅಯ್ಯನವರ ಪ್ರಸಂಗಕ್ಕೆ ತಪ್ಪದೆ ತೂಕಡಿಸುತ್ತಿದ್ದ ಬಡಗಿ ಅವಳ ಮಾತಿಗೆ ಮುಂದಕ್ಕೆ ಬಾಗಿ ಕೂತಿದ್ದ. ಅದನ್ನು ನೋಡಿ ಅಯ್ಯನವರಿಗೆ ಖುಷಿಯಾಯಿತು, ಚೂರು ಹೊಟ್ಟೆಕಿಚ್ಚೂ ಆಯಿತು.

ಎಲ್ಲ ಕೆಲಸ ಹಂಚಿಕೊಂಡವರು ಒಂದನ್ನು ಮಾತ್ರ ಮರೆತಿದ್ದರು. ಮೌನಪ್ರಾರ್ಥನೆ ಸಾಕು ಅನ್ನಿಸಿದಾಗ ಅಯ್ಯನವರು ಪ್ರಸಂಗಪೀಠದ ಮರಕ್ಕೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟುತ್ತಿದ್ದರು. ಟಕ್, ಟಕ್. ಆ ಸದ್ದಿಗೆ ಸಭೆ ಏಳುತ್ತಿತ್ತು. ಅದೂ ಒಂದು ಕೆಲಸ ಎಂದು ಯಾರಿಗೂ ಹೊಳೆದಿರಲಿಲ್ಲ.

ಈಗ ಮುಂದಿನ ಬೆಂಚಿನ ಹಲಗೆ ಅಯ್ಯನವರ ಮೂಗಿನ ಮುಂದೆಯೇ ಇತ್ತು. ತಟ್ಟಲು ಗಂಟಲೇನೂ ಬೇಕಿಲ್ಲ, ಡಾಕ್ಟರು ಕೈಗೆ ಬೀಗ ಹಾಕಿಲ್ಲ. ಎರಡೇ ಎರಡು ಸದ್ದು, ಸಭೆಯವರ ಮರ್ಯಾದೆ ಉಳಿಯುತ್ತದೆ. ಎಲ್ಲರೂ ಎದ್ದು ಹಿಂದೆ ತಿರುಗಿ ನೋಡುತ್ತಾರೆ, ಅಯ್ಯನವರಿಲ್ಲದೆ ಆಗುತ್ತದೆಯೇ ಎನ್ನುತ್ತಾರೆ. ಆ ಮಾತು ಆಗಲೇ ಕಿವಿಗೆ ಬಿದ್ದಂತಾಗಿ ಅವರ ಕೈ ತಾನಾಗಿ ಮೇಲೆದ್ದಿತು.

ಅಮ್ಮನವರು ಒಂದು ಕಣ್ಣು ತೆರೆದರು. ಗಂಡನ ಕೈ ಹಿಡಿಯಲಿಲ್ಲ, ಹಿಡಿದು ಹಿಡಿದು ಅವರಿಗೆ ಸಾಕಾಗಿತ್ತು.

"ತಟ್ಟಿ," ಎಂದು ಪಿಸುಗುಟ್ಟಿದರು. "ಸಾಯೋವರೆಗೂ ನೀವೇ ತಟ್ಟಿ."

ಅಯ್ಯನವರ ಕೈ ಗಾಳಿಯಲ್ಲೇ ನಿಂತಿತು. ನಿಧಾನವಾಗಿ ಇಳಿಯಿತು. ಮತ್ತೆಲ್ಲಿ ಮೇಲೇಳುತ್ತದೋ ಎಂದು ಅದನ್ನು ಜೇಬಿಗೆ ತುರುಕಿ, ಕಣ್ಣು ಮುಚ್ಚಿಕೊಂಡರು. ಇಷ್ಟು ವರ್ಷದ ಸೇವೆಯಲ್ಲಿ ಇಷ್ಟು ಕಷ್ಟದ ಕೆಲಸವನ್ನು ಅವರು ಮಾಡಿರಲಿಲ್ಲ.

"ಅಯ್ಯೋ ದೇವ್ರೇ, ನನ್ನ ಮಂಡಿ!" ಮುಂದಿನ ಬೆಂಚಿನ ಅಜ್ಜಿಯ ದನಿ ಇಡೀ ಚರ್ಚಿಗೆ ಕೇಳಿಸಿತು. "ಪ್ರಾರ್ಥನೆ ಮುಗೀತು ಕಣ್ರಪ್ಪಾ, ಯಾರಾದ್ರೂ ಬಂದು ಎಬ್ಬಿಸ್ರೋ!"

ಯಾರೋ ಕಿಸಕ್ಕೆಂದರು. ಬಡಗಿ ದಡಬಡನೆ ಎದ್ದು ಬಂದು ಅಜ್ಜಿಯನ್ನು ಎತ್ತಿ ನಿಲ್ಲಿಸಿದ. ಅಜ್ಜಿ ಪಕ್ಕದವಳ ರಟ್ಟೆ ಹಿಡಿದೆತ್ತಿದರು. ಅವಳು ತನ್ನ ಅತ್ತೆಯನ್ನು ಎಬ್ಬಿಸಿದಳು, ಅತ್ತೆ ಆಚೆಯ ಸಾಲಿನ ಮುದುಕರಿಗೆ ತೋಳು ಚಾಚಿದರು. ಹೀಗೇ ಒಬ್ಬರನ್ನೊಬ್ಬರು ಎಬ್ಬಿಸುತ್ತಾ ಇಡೀ ಸಭೆ ಎದ್ದು ನಿಂತಿತು. ಟೈಲರಮ್ಮ ನಾಲಿಗೆ ಕಚ್ಚಿಕೊಂಡು, ಮರುಗಳಿಗೆಯೇ ಹಾಡು ಎತ್ತಿದರು. ಶ್ರುತಿ ತಪ್ಪಿತ್ತು. ಕಂಡಕ್ಟರ್ ದನಿಗೂಡಿಸಿದ ಮೇಲೆ ಇನ್ನಷ್ಟು ತಪ್ಪಿತು. ಆದರೂ ಯಾರೂ ನಿಲ್ಲಿಸಲಿಲ್ಲ, ಯಾರೂ ಹಿಂದೆ ತಿರುಗಿ ನೋಡಲಿಲ್ಲ.

ಇವರು ನನ್ನ ಜನ, ಎಂದುಕೊಂಡರು ಅಯ್ಯನವರು. ಎದೆ ತುಂಬಿ ಬಂತು. ತಮ್ಮ ಯಾವ ಪ್ರಸಂಗದ ಬಗ್ಗೆಯೂ ಅವರಿಗೆ ಇಷ್ಟು ಹೆಮ್ಮೆಯಾಗಿರಲಿಲ್ಲ. ಬರುವ ವಾರ ಯಾರನ್ನೂ ಕರೆಸುವುದು ಬೇಡ ಎಂದು ಹೆಂಡತಿಗೆ ಸನ್ನೆ ಮಾಡಿದರು. ಅಮ್ಮನವರಿಗೆ ಅರ್ಥವಾಯಿತು. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಹಾಡು ಮುಂದುವರಿಸಿದರು.

ಈ ಸಂಭ್ರಮದಲ್ಲಿ ಅಯ್ಯನವರು ತಾವು ಏಳುವುದನ್ನೇ ಮರೆತಿದ್ದರು. ಏಳಲು ಹೋದರೆ ಕಾಲು ಜೋಮು ಹಿಡಿದಿತ್ತು. ಅವರು ಬೆಂಚು ಹಿಡಿದು ತಿಣುಕುವ ಸದ್ದಿಗೆ ಮುಂದಿನ ಬೆಂಚಿನ ಅಜ್ಜಿ ಹಾಡು ನಿಲ್ಲಿಸಿ, ಅರ್ಧ ತಿರುಗಿ, ಕೈ ಚಾಚಿದರು.

"ಹಿಡ್ಕೊಳ್ಳಿ ಅಯ್ಯನವರೇ. ನೀವು ಯಾವಾಗ್ಲೂ ಅಲ್ಲಿ ಮೇಲೆ ನಿಂತೇ ಇರ್ತಿದ್ರಲ್ಲ, ನಿಮಗೂ ಮಂಡಿ ಇದೆ ಅಂತ ನಮಗೆ ಗೊತ್ತೇ ಇರ್ಲಿಲ್ಲ."