ಎದುರು ಬರುವವರು

ಬಾಡಿಗೆ ಕಾರು ಓಡಿಸುವ ಫಕ್ಕೀರಪ್ಪ ಕುಡಿದ ಮತ್ತಿನಲ್ಲಿ, ರಸ್ತೆ ಗುಡಿಸುತ್ತಿದ್ದ ಹೆಣ್ಣುಮಗಳೊಬ್ಬಳ ಕಾಲು ಮುರಿದ. ಶಿಕ್ಷೆ ಮುಗಿಯುವಷ್ಟರಲ್ಲಿ ಅವನಿಗೆ ಅರವತ್ತೊಂಬತ್ತು. ವಿಮೆಯಿಲ್ಲದ ಯಾವ ಕಾರೂ ಈಗಿನ ಕಾಲದಲ್ಲಿ ಚಾಲೂ ಆಗುವುದೇ ಇಲ್ಲ. ಕಾರು ನಿಂತರೆ ಅವನ ಹೊಟ್ಟೆಗಿಲ್ಲ. ಐದು ವಿಮಾ ಕಂಪನಿಗಳು ಅವನನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದ್ದವು.

ಹುಬ್ಬಳ್ಳಿಯ ಆರನೆಯ ಕಚೇರಿಯಲ್ಲಿ ಏಜೆಂಟ್ ಅನಸೂಯಾ, ಎಲ್ಲ ಗಿರಾಕಿಗಳಿಗೂ ಮಾಡುವಂತೆ, ಪರದೆ ಸರಿಸಿದಳು. ಮುಂದಿನ ಒಂದು ವರ್ಷದಲ್ಲಿ ಅವನ ಕಾರಿಗೆ ಎದುರಾಗಲಿರುವ ಪ್ರತಿಯೊಬ್ಬರೂ ಗೋಡೆಯ ಮೇಲೆ ಒಂದೊಂದು ಚುಕ್ಕೆಯಾಗಿ ಬೆಳಗುತ್ತಿದ್ದರು. ಊರಿಗೆ ಊರೇ ಅಲ್ಲಿ ಉಸಿರಾಡುತ್ತಿತ್ತು. ಫಕ್ಕೀರಪ್ಪ ತನಗರಿವಿಲ್ಲದೆ ಚಪ್ಪಲಿ ಕಳಚಿದ.

"ಇಷ್ಟ್ ಮಂದಿ ಏನವ್ವಾ?"

"ಹೌದ್ರಿ ಅಜ್ಜಾರ. ಆ ಕೆಂಪು ಚುಕ್ಕಿ ಅದಾವಲ್ಲ, ಅವರು ಫುಟ್‌ಪಾತ್ ಮ್ಯಾಲೆ ಇರೋರು, ವಿಳಾಸ ಇಲ್ಲದವರು. ಅವರನ್ನ ಬೆರಳಿಂದ ಒರಸ್ರಿ. ಒರಸಿದ ಮ್ಯಾಲೆ ಅವರಿಗೆ ಏನರ ಆದ್ರ ಕಂಪನಿ ಪರಿಹಾರ ಕೊಡಂಗಿಲ್ಲ. ನಿಮ್ಮಂಥ ಕೇಸಿನವರಿಗೆ ವಿಮಾ ಸಿಗಾಕ ಇದೊಂದ ದಾರಿ."

ಅವನು ಬೆರಳೆತ್ತಿದ. ಉಗುರಿಗಿಂತ ಚಿಕ್ಕದಾದ ಆ ಕೆಂಪು ಬೆಳಕಿನೊಳಗೆ ಯಾರೋ ಮಗುವಿನ ತಲೆ ಬಾಚುತ್ತಿದ್ದರು.

"ಒರಸ್ರಿ ಅಜ್ಜಾರ, ಹಿಂದ ಪಾಳಿ ಐತಿ."

ಫಕ್ಕೀರಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಕಾರ್ ಬಿಟ್ಟೇನು ತಂಗೀ, ಇವರನ್ನ ಒರಸೂದಿಲ್ಲ."