ಬೆನ್ನ ಮೇಲಿನ ಅಂಗೈ

ಬೊಯಾಕಾ ಬೆಟ್ಟಸೀಮೆಯ ಆ ಕಡಿದಾದ ಏರಿನ ನಡುಮಧ್ಯದಲ್ಲಿ, ಪಕ್ಕದಲ್ಲೇ ಸೈಕಲ್ ತುಳಿಯುತ್ತಿದ್ದ ರೊಸೆಂದೋನ ಅಂಗೈ ಎದಿಲ್ಮಾಳ ಬೆನ್ನಿಗೆ ಬಂದು ಕೂತಿತು. ಅವಳ ಹಗುರ ರೇಸ್ ಸೈಕಲ್ಲು ವರ್ಷಗಟ್ಟಲೆ ಅವನೇ ಓಡಿಸಿ ಅವಳಿಗೆ ಮಾರಿದ್ದು. ಮಾರಿದ ಮೇಲೂ ಪ್ರತಿ ಭಾನುವಾರ, ಜೊತೆಯ ಸವಾರರ ಎದುರೇ, ಕೊಟ್ಟಿಗೆಗೆ ಹೋಗಲೊಲ್ಲದ ಕರುವನ್ನು ನೂಕುವಂತೆ ಅವಳನ್ನು ನೂಕುತ್ತಿದ್ದ.

"ಸುಮ್ನೆ ಕಾಲಾಡಿಸ್ತಿರು ತಾಯಿ. ನನ್ ಸೈಕಲ್‌ಗೆ ಈ ಬೆಟ್ಟ ಗೊತ್ತು, ನಿಂಗೆ ಗೊತ್ತಿಲ್ಲ," ಎಂದ. ಮುಂದಿದ್ದವರು ನಕ್ಕರು.

"ಕೈ ತೆಗಿ, ರೊಸೆಂದೋ ಅಣ್ಣ."

"ತೆಗೆದ್ರೆ ಬೀಳ್ತೀಯ."

"ಬಿದ್ರೆ ನನ್ ಸೈಕಲ್ ಜೊತೆ ಬೀಳ್ತೀನಿ. ನೀನು ತೆಗಿ."

ಅವನು ತೆಗೆದ. ಕೂಡಲೇ ಇಡೀ ಬೆಟ್ಟವೇ ಪೆಡಲಿನ ಮೇಲೆ ಬಂದು ಕೂತಂತಾಯಿತು. ಸೈಕಲ್ಲು ಓಲಾಡುತ್ತ ಹುಲ್ಲಿನಂಚಿಗೆ ಸರಿದು, ಇನ್ನೇನು ನಿಂತೇಬಿಟ್ಟಿತು ಅನ್ನುವ ಹೊತ್ತಿಗೆ ಎದಿಲ್ಮಾ ಸೀಟಿನಿಂದ ಎದ್ದು, ಮೈಭಾರವನ್ನೆಲ್ಲ ಒಂದೊಂದೇ ಕಾಲಿಗೆ ಹಾಕಿ ತುಳಿದಳು. ಗುಂಪು ತಿರುವಿನಾಚೆ ಮರೆಯಾಯಿತು. ಹಾಲಿನ ಲಾರಿಯೂ ಏದುಸಿರು ಬಿಡುತ್ತ ಅವಳನ್ನು ದಾಟಿ ಹೋಯಿತು. ಅವಳು ಮಾತ್ರ ನೆಲಕ್ಕೆ ಕಾಲೂರಲಿಲ್ಲ.

ಬೆಟ್ಟದ ನೆತ್ತಿಯ ಅಂಗಡಿಯ ಮುಂದೆ ಎಲ್ಲರೂ ಆ ಕಡೆಯ ರೂಢಿಯಂತೆ ಬಿಸಿ ಬೆಲ್ಲದ ನೀರಿಗೆ ಚೀಸಿನ ತುಂಡು ಹಾಕಿಕೊಂಡು ಕೂತಿದ್ದರು. "ಅಂತೂ ಬಂದ್ಯಾ! ನಿನ್ ಲೋಟ ಆರಿ ತಣ್ಣಗಾಯ್ತು," ಎಂದು ರೊಸೆಂದೋ ಕೂಗಿದ. "ಇಳಿ, ಸುಧಾರಿಸ್ಕೋ. ಇಳಿಜಾರಲ್ಲಿ ನನ್ ಹಿಂದೇನೇ ಬಾ."

"ಅದನ್ನೂ ನೀನೇ ಕುಡಿಯಣ್ಣ," ಎನ್ನುತ್ತ ಎದಿಲ್ಮಾ ಬ್ರೇಕು ಮುಟ್ಟದೆ, ಅಷ್ಟೂ ಜನರ ಮುಂದೆ ಹಾದು, ಆಚೆಯ ಇಳಿಜಾರಿಗೆ ಎಲ್ಲರಿಗಿಂತ ಮೊದಲು ಇಳಿದಳು.