ಖಾಲಿ ಖಾನೆ

ಚಂದ್ರನಿಗೆ ಹೋಗುವವರನ್ನು ಕಡತವಾಗಿ ಬರೆದು ಕಳಿಸುವ ಕಿಂಡಿಯ ಮುಂದೆ ದ್ರಾಕ್ಷಾಯಣಿ ನಿಂತಿದ್ದಳು. ಹೆಸರು, ದನಿ, ನಡಿಗೆ, ಮೊಣಕೈಯ ಸುಟ್ಟ ಕಲೆ ಎಲ್ಲವೂ ಒಂದೊಂದು ಖಾನೆಗೆ ಇಳಿದಿದ್ದವು. ಕಡತದಲ್ಲಿ ಎಷ್ಟಿದೆಯೋ ಅಷ್ಟೇ ಮನುಷ್ಯ ಅಲ್ಲಿ ಎದ್ದು ಕೂರುತ್ತಿದ್ದ. ‘ಮಕ್ಕಳು’ ಎಂಬ ಖಾನೆ ಮಾತ್ರ ಖಾಲಿ. ಮಗಳು ಶಿವಲೀಲಾ ಹೋದ ವರ್ಷ ಜ್ವರ ಬಂದು ತೀರಿಕೊಂಡಿದ್ದಳು.

“ಖಾಲಿ ಖಾನಿ ಮಷೀನು ಬರಿಯಂಗಿಲ್ರೀ ಅಕ್ಕಾರ. ಅದರ ಸಂಗಡ ಆ ನೆನಪೂ ಇಲ್ಲೇ ಉಳಿತೈತಿ,” ಎಂದ ಗುಮಾಸ್ತ ಈರಪ್ಪ.

ಅದು ಅವಳಿಗೆ ಗೊತ್ತಾಗಿತ್ತು. ನಿನ್ನೆ ಇದೇ ಕಿಂಡಿಯಿಂದ ಹೋದ ಗಂಡ ಮುಂಜಾನೆ ಚಂದ್ರನಿಂದ ಫೋನ್ ಮಾಡಿದ್ದ. “ಶಿವಲೀಲಾನ ಸಮಾಧಿಗೆ ಹೂ ಇಟ್ಟು ಹೊಂಟೇನ್ರೀ,” ಎಂದು ಇವಳು ಹೇಳಿದಾಗ ಅವನು ನಗುತ್ತಲೇ, “ಯಾರಾಕಿ?” ಎಂದಿದ್ದ.

ಅವಳು ಕಿಂಡಿಯ ಸರಳು ಹಿಡಿದು ಗೋಗರೆದಳು. “ನಿಮ್ಮ ಕಾಲಿಗೆ ಬೀಳತೇನ್ರೀ. ಆಕಿ ಇದ್ದ ಜಾಗಾ ಆದರೂ ಬರೀರಿ. ಖಾಲಿನ ಇರಲಿ.”

“ಖಾಲಿ ಇದ್ರೂ ಬರಿ ಅಂತ ಮಷೀನಿಗೆ ಹೇಳಬಹುದು. ಆದರ ಸಂಕಟಾನೂ ಸಂಗಡ ಬರತೈತಿ, ನೋಡ್ರಿ.”

“ಬರಲಿ.”

ಈರಪ್ಪ ಗುಂಡಿ ಒತ್ತಿದ. ಪರದೆಯ ಮೇಲೆ ‘ಮಕ್ಕಳು’ ಎಂದು ತೆರೆದ ಸಾಲು, ನಡುವೆ ಏನೂ ಇಲ್ಲದೆ, ‘ಮಕ್ಕಳು’ ಎಂದೇ ಮುಚ್ಚಿಕೊಂಡಿತು.

“ನಮ್ಮ ಮನಿಯವರದು?”

“ಅವರದು ಆಗಿಹೋತ್ರಿ. ಇನ್ನ ತಿದ್ದಾಕ ಬರಂಗಿಲ್ಲ.”

ದ್ರಾಕ್ಷಾಯಣಿ ಕಣ್ಣೊರೆಸಿಕೊಂಡು, ಕಿಂಡಿಯ ಪಕ್ಕದಲ್ಲಿದ್ದ ಕಳಿಸುವ ಪೆಟ್ಟಿಗೆಯೊಳಗೆ ಮಲಗಿದಳು. ಅಲ್ಲಿ ಎದ್ದ ಕೂಡಲೇ ಗಂಡನಿಗೆ ಮೊದಲು ಮಗಳು ಹುಟ್ಟಿದ್ದನ್ನು ಹೇಳಬೇಕು, ಆಮೇಲೆ ಸತ್ತದ್ದನ್ನು.